ಸ್ಲ್ಯಾಶರ್ ಸಿನಿಮಾ ಮತ್ತು ನಾವು: ಬೆಂಗಳೂರಿನ ಹಾರರ್ ಹುಚ್ಚರು ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ರಾತ್ರಿ ಯಾರದೋ ಮನೆಯಲ್ಲಿ ಸೇರಿ ಹಾರರ್ ನೋಡುವ ಗುಂಪುಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಅಂಥ ಒಂದು ಗುಂಪಿನಲ್ಲಿ ಪ್ರೊಜೆಕ್ಟರ್ ಹೊರುವ ಕೆಲಸ ನನ್ನದು. ಸಿನಿಮಾ ಮುಗಿದ ಮೇಲೆ ನಡೆಯುವ ವಾದ ಕೆಲವೊಮ್ಮೆ ಸಿನಿಮಾಕ್ಕಿಂತ ಉದ್ದ ಆಗುತ್ತದೆ. ಹೊಸಬರು ಬಂದಾಗೆಲ್ಲ ಅದೇ ಪ್ರಶ್ನೆಗಳು, ಅದೇ ಜಗಳ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಹಳೆಯ ಸಿನಿಮಾಗಳ ಗುಟ್ಟು ಅಲ್ಲಲ್ಲಿ ಬಿಟ್ಟುಕೊಟ್ಟಿದ್ದೇನೆ, ಗೊತ್ತಿರಲಿ.

ಕೊಲೆ ಇರೋ ಸಿನಿಮಾ ಎಲ್ಲಾ ಸ್ಲ್ಯಾಶರ್ ಅಲ್ವಾ?

ಅಲ್ಲ. ಒಬ್ಬ ಕೊಲೆಗಾರ ಇರಬೇಕು, ಸಾಮಾನ್ಯವಾಗಿ ಮುಖವಾಡ ಹಾಕಿರುತ್ತಾನೆ. ಕೈಯಲ್ಲಿ ಚಾಕು, ಕೊಡಲಿ, ಮಚ್ಚು, ಹೀಗೆ ಹತ್ತಿರ ಬಂದು ಹೊಡೆಯುವ ಆಯುಧ. ಎಲ್ಲೋ ಸಿಕ್ಕಿಹಾಕಿಕೊಂಡ ಹುಡುಗ ಹುಡುಗಿಯರ ಗುಂಪು. ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊನೆಗೆ ಒಬ್ಬರು, ಹೆಚ್ಚಾಗಿ ಒಬ್ಬ ಹುಡುಗಿ, ಉಳಿಯುತ್ತಾರೆ. ಪೊಲೀಸ್ ಅಧಿಕಾರಿಯೇ ಕಥೆಯ ನಾಯಕ ಆಗಿಬಿಟ್ಟರೆ ಅದು ಥ್ರಿಲ್ಲರ್ ಕಡೆ ಹೋಯಿತು. ಸ್ಲ್ಯಾಶರ್‌ನಲ್ಲಿ ಪೊಲೀಸರು ಬಂದರೂ ತಡವಾಗಿ ಬರುತ್ತಾರೆ, ಇಲ್ಲವೇ ಬಂದ ತಕ್ಷಣ ಸಾಯುತ್ತಾರೆ.

'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್'ನ ಕೊಲೆಗಾರ ಫ್ರೆಡ್ಡಿ ಕ್ರೂಗರ್ ಸತ್ತವನು, ಕನಸಿನಲ್ಲಿ ಬರುತ್ತಾನೆ, ಹಾಗಾದರೆ ಅದು ದೆವ್ವದ ಸಿನಿಮಾ ಅಲ್ವಾ ಎಂದು ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಅವನೂ ಸ್ಲ್ಯಾಶರೇ. ಕೈಗೆ ಚಾಕುಗಳ ಗ್ಲೌಸ್ ಹಾಕಿಕೊಂಡವನಿಗೆ ಅಷ್ಟಾದರೂ ಮರ್ಯಾದೆ ಕೊಡೋಣ.

ಮೊದಲ ಸ್ಲ್ಯಾಶರ್ ಯಾವುದು?

ಇದಕ್ಕೆ ಒಂದೇ ಉತ್ತರ ಇಲ್ಲ. 1960ರಲ್ಲಿ ಹಿಚ್‌ಕಾಕ್ ಅವರ 'ಸೈಕೋ' ಬಂತು. ಶವರ್ ಕೆಳಗಿನ ಕೊಲೆಯಲ್ಲಿ ಹರಿದದ್ದು ಚಾಕಲೇಟ್ ಸಿರಪ್. ಕಪ್ಪು ಬಿಳುಪು ಸಿನಿಮಾ ಆದ್ದರಿಂದ ನಡೆಯಿತು. ಅದೇ ವರ್ಷ ಬ್ರಿಟನ್‌ನಲ್ಲಿ ಮೈಕೆಲ್ ಪೊವೆಲ್ 'ಪೀಪಿಂಗ್ ಟಾಮ್' ಮಾಡಿದರು. ವಿಮರ್ಶಕರು ಅದನ್ನು ಹಿಗ್ಗಾಮುಗ್ಗಾ ಬೈದರು, ಪೊವೆಲ್ ಅವರ ವೃತ್ತಿಗೇ ಪೆಟ್ಟು ಬಿತ್ತು. ಇಟಲಿಯಲ್ಲಿ ಮಾರಿಯೋ ಬಾವಾ, ಡಾರಿಯೋ ಅರ್ಜೆಂಟೋ ಅವರ ಜಾಲೋ ಸಿನಿಮಾಗಳಿದ್ದವು: ಕಪ್ಪು ಗ್ಲೌಸ್, ಕಣ್ಣು ಕುಕ್ಕುವ ಬಣ್ಣ, ಕೊಲೆಗೆ ಕೊಲೆ. ಆಮೇಲೆ 1974ರಲ್ಲಿ ಎರಡು ಒಟ್ಟಿಗೆ ಬಂದವು. ಅಮೆರಿಕದಿಂದ 'ದ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್', ಕೆನಡಾದಿಂದ 'ಬ್ಲ್ಯಾಕ್ ಕ್ರಿಸ್ಮಸ್'.

ಆದರೆ ಅಚ್ಚು ಬಿದ್ದದ್ದು 1978ರಲ್ಲಿ, ಜಾನ್ ಕಾರ್ಪೆಂಟರ್ ಅವರ 'ಹ್ಯಾಲೋವೀನ್'ನಿಂದ. ಸುಮಾರು 3 ಲಕ್ಷ ಡಾಲರ್ ಖರ್ಚು, ಸುಮಾರು 7 ಕೋಟಿ ಡಾಲರ್ ಗಳಿಕೆ. ಮುಖವಾಡಕ್ಕೂ ದುಡ್ಡಿರಲಿಲ್ಲ. 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್ ಮುಖವಾಡ 2 ಡಾಲರ್‌ಗೂ ಕಡಿಮೆಗೆ ಸಿಕ್ಕಿತು, ಅದಕ್ಕೇ ಬಿಳಿ ಬಣ್ಣ ಬಳಿದರು. ಈ ಲೆಕ್ಕ ನೋಡಿದ ಮೇಲೆ ನಿರ್ಮಾಪಕರು ಸುಮ್ನೆ ಕೂರುತ್ತಾರಾ? 1980ರಲ್ಲಿ 'ಫ್ರೈಡೇ ದ ಥರ್ಟೀನ್ತ್' ಬಂತು. ಅಲ್ಲಿಂದ ಪ್ರವಾಹ.

ಹಾರರ್ ಅಭಿಮಾನಿಗಳೇ ಸ್ಲ್ಯಾಶರ್ ಅಂದ್ರೆ ಮೂಗು ಮುರಿಯುತ್ತಿದ್ದರಂತೆ, ಯಾಕೆ?

ಎರಡು ಕಾರಣ. ಒಂದು ಬೇಸರ. ಜೇಸನ್ ಸತ್ತ, ಎದ್ದ, ಮತ್ತೆ ಸತ್ತ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ 'ಫ್ರೈಡೇ' ಸರಣಿಯಲ್ಲೇ ಎಂಟು ಸಿನಿಮಾ ಆಗಿದ್ದವು. ಅಂದಹಾಗೆ ಮೊದಲ ಭಾಗದಲ್ಲಿ ಕೊಲೆ ಮಾಡುವುದು ಜೇಸನ್ ಅಲ್ಲ, ಅವನ ಅಮ್ಮ. ಅವನ ಹಾಕಿ ಮುಖವಾಡ ಬಂದದ್ದು 1982ರ ಮೂರನೇ ಭಾಗದಲ್ಲಿ.

ಇನ್ನೊಂದು ನಾಚಿಕೆ. 1980ರಲ್ಲಿ ಅಮೆರಿಕದ ವಿಮರ್ಶಕರಾದ ಸಿಸ್ಕೆಲ್ ಮತ್ತು ಈಬರ್ಟ್ ತಮ್ಮ ಟಿವಿ ಕಾರ್ಯಕ್ರಮದ ಒಂದು ಇಡೀ ಕಂತನ್ನು ಈ ಸಿನಿಮಾಗಳನ್ನು ಬೈಯಲು ಇಟ್ಟರು. ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಕೊಲ್ಲುವುದನ್ನು ಕೊಲೆಗಾರನ ಕಣ್ಣಿನಿಂದಲೇ ತೋರಿಸುತ್ತಾರೆ, ನೋಡುವವರನ್ನು ಅವನ ಪಕ್ಕ ನಿಲ್ಲಿಸುತ್ತಾರೆ ಎಂಬುದು ಅವರ ದೂರು. ಸಿಸ್ಕೆಲ್ ಅಂತೂ 'ಫ್ರೈಡೇ' ವಿಮರ್ಶೆಯಲ್ಲಿ ಕೊಲೆಗಾರರು ಯಾರು ಎಂದು ಬೇಕೆಂತಲೇ ಬರೆದುಬಿಟ್ಟರು. ಅಲ್ಲಿನ ಅಭಿಮಾನಿಗಳಿಗೆ ಈ ಸಿಟ್ಟು ಇನ್ನೂ ಇಳಿದಿಲ್ಲ. ತಮಾಷೆ ಅಂದ್ರೆ ಅದೇ ಈಬರ್ಟ್ 'ಹ್ಯಾಲೋವೀನ್'ಗೆ ಪೂರ್ತಿ ನಾಲ್ಕು ಸ್ಟಾರ್ ಕೊಟ್ಟಿದ್ದರು.

ಬ್ರಿಟನ್‌ನಲ್ಲಿ ವಿಡಿಯೊ ಕ್ಯಾಸೆಟ್ ಹಾರರ್ ಮೇಲೆ ದೊಡ್ಡ ಗಲಾಟೆ ಎದ್ದು 1984ರಲ್ಲಿ ಕಾನೂನೇ ಬಂತು. ಹೀಗಾಗಿ ಹಾರರ್ ಪ್ರೇಮಿಗಳಲ್ಲೂ ಒಂದು ಜಾತಿ ಪದ್ಧತಿ ಹುಟ್ಟಿಕೊಂಡಿತು. ದೆವ್ವದ ಮನೆ, ಮನಶ್ಶಾಸ್ತ್ರ, ರೂಪಕ ಇರೋದು ಮೇಲೆ. ಮಚ್ಚು ಕೆಳಗೆ.

ಬೆಂಗಳೂರಿಗೆ ಈ ಸಿನಿಮಾಗಳು ಬಂದದ್ದು ಹೇಗೆ?

ತಲೆಕೆಳಗಾಗಿ ಬಂದವು. ನಮ್ಮೂರ ಅಭಿಮಾನಿಗಳ ಮನಸ್ಸು ಅರ್ಥ ಆಗಬೇಕಾದರೆ ಇದನ್ನು ತಿಳಿಯಲೇಬೇಕು.

ಅಮೆರಿಕದ ಅಭಿಮಾನಿಗೆ ಒಂದು ಕ್ರಮ ಇತ್ತು. ಹದಿಹರೆಯದಲ್ಲಿ 'ಹ್ಯಾಲೋವೀನ್' ನೋಡಿ ಹೆದರಿದ. ಆಮೇಲೆ ನೂರೆಂಟು ನಕಲು ನೋಡಿ ಬೇಸತ್ತ. 1996ರಲ್ಲಿ 'ಸ್ಕ್ರೀಮ್' ಬಂದು ಆ ನಕಲುಗಳನ್ನೆಲ್ಲ ಗೇಲಿ ಮಾಡಿದಾಗ ಬಿದ್ದು ಬಿದ್ದು ನಕ್ಕ. ಮೊದಲು ಭಯ, ಆಮೇಲೆ ಬೇಸರ, ಕೊನೆಗೆ ನಗು.

ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದವರನ್ನು ಕೇಳಿ. ಬಹಳ ಜನ ಮೊದಲು ನೋಡಿದ್ದು 'ಸ್ಕ್ರೀಮ್' ಅಥವಾ ಅದರ ಮರುವರ್ಷದ 'ಐ ನೋ ವಾಟ್ ಯೂ ಡಿಡ್ ಲಾಸ್ಟ್ ಸಮ್ಮರ್'. ಇಲ್ಲವೇ ಇವುಗಳ ಹಿಂದಿ ನಕಲು. ಕೇಬಲ್ ಟಿವಿಯಲ್ಲಿ ಮಧ್ಯರಾತ್ರಿ, ಧ್ವನಿ ಕಡಿಮೆ ಮಾಡಿ, ಅಪ್ಪ ಎದ್ದು ಬಂದರೆ ಚಾನೆಲ್ ಬದಲಿಸಲು ಬೆರಳು ರಿಮೋಟ್ ಮೇಲೇ. ಆಮೇಲೆ ವಿಸಿಡಿ, ಡಿವಿಡಿ ಕಾಲ. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಹಾರರ್ ಕಲೆಕ್ಷನ್ ಅಂತ ಒಂದೇ ಡಿವಿಡಿಯಲ್ಲಿ ಐದಾರು ಸಿನಿಮಾ ತುಂಬಿಸಿ ಕೊಡುತ್ತಿದ್ದರು. ಅದರಲ್ಲಿ ಒಂದು ಸರಣಿಯ ನಾಲ್ಕನೇ ಭಾಗ ಇರುತ್ತಿತ್ತು, ಮೊದಲನೆಯದು ಇರುತ್ತಿರಲಿಲ್ಲ. ಕವರ್ ಮೇಲೆ ಒಬ್ಬ ಕೊಲೆಗಾರ, ಒಳಗೆ ಇನ್ನೊಬ್ಬ.

ಹೀಗೆ ಗೇಲಿ ಮೊದಲು ಬಂತು. ಯಾವುದನ್ನು ಗೇಲಿ ಮಾಡಿದ್ದಾರೋ ಅದು ಎಷ್ಟೋ ವರ್ಷ ಆದ ಮೇಲೆ ಬಂತು. 'ಸ್ಕ್ರೀಮ್'ನಲ್ಲಿ ಒಬ್ಬ ಹುಡುಗ ನಿಂತು ಹಾರರ್ ಸಿನಿಮಾದಲ್ಲಿ ಬದುಕುಳಿಯುವ ನಿಯಮಗಳನ್ನು ಹೇಳುತ್ತಾನಲ್ಲ, ನಮ್ಮಲ್ಲಿ ಅನೇಕರಿಗೆ ಅದು ತಮಾಷೆ ಅನ್ನಿಸಲೇ ಇಲ್ಲ. ಪಾಠದಂತೆ ಕೇಳಿಸಿಕೊಂಡರು. ಆಮೇಲೆ ಬ್ರಾಡ್‌ಬ್ಯಾಂಡ್ ಬಂತು, ಓಟಿಟಿ ಬಂತು, ಆಗ ಮೂಲ ಸಿನಿಮಾಗಳನ್ನು ಹುಡುಕಿಕೊಂಡು ಹೋದರು. ಅವು ಎಷ್ಟು ನಿಧಾನ, ಎಷ್ಟು ಕಡಿಮೆ ರಕ್ತ ಎಂದು ಬೆರಗಾದರು.

ಅಲ್ಲಿಯವರಿಗೆ ಹಳೆ ಸ್ಲ್ಯಾಶರ್ ಅಂದ್ರೆ ಬಾಲ್ಯದ ನೆನಪು. ನಮಗೆ ಅದು ದೊಡ್ಡವರಾದ ಮೇಲೆ ಕಂಡ ಹೊಸ ಊರು. ಅವರ ಪ್ರೀತಿಯನ್ನು ಎರವಲು ತಂದು ನಮ್ಮದು ಅನ್ನಬೇಕಿಲ್ಲ. 'ಫ್ರೈಡೇ'ಯಲ್ಲಿ ಬರುವಂಥ ಎಂಬತ್ತರ ದಶಕದ ಸಮ್ಮರ್ ಕ್ಯಾಂಪ್ ನೆನೆದು ಕಣ್ಣೀರು ಹಾಕಲು ನಾವು ಯಾವ ಕ್ಯಾಂಪಿಗೆ ಹೋಗಿದ್ದೆವು? ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗಿದ್ದೆವು, ಅಷ್ಟೇ.

ಥಿಯೇಟರ್‌ನಲ್ಲಿ ಬರುತ್ತಿರಲಿಲ್ವಾ?

ಬರುತ್ತಿದ್ದವು, ಕೆಲವು, ಕತ್ತರಿ ಹಾಕಿಸಿಕೊಂಡು. ಇಂಗ್ಲಿಷ್ ಸಿನಿಮಾ ಅಂದ್ರೆ ಆಗ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಸುತ್ತಮುತ್ತಲ ಥಿಯೇಟರ್‌ಗಳು. ಪ್ಲಾಜಾ ಹೋಗಿ ಆ ಜಾಗಕ್ಕೆ ಮೆಟ್ರೊ ಬಂತು. ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಸ್ಲ್ಯಾಶರ್‌ಗೆ ಒಂದೇ ಪರದೆಯ ದೊಡ್ಡ ಥಿಯೇಟರ್ ಇರಬೇಕು ಎಂಬುದು ನನ್ನ ಹಠ. ಬಾಲ್ಕನಿಯಿಂದ ಯಾರೋ "ಲೇ ಹಿಂದೆ ನೋಡೇ" ಎಂದು ಕಿರುಚದೆ ಈ ಸಿನಿಮಾ ಪೂರ್ತಿ ಆಗುವುದಿಲ್ಲ.

ಫೈನಲ್ ಗರ್ಲ್ ಅಂದ್ರೆ ಯಾರು? ಅದು ಹೆಣ್ಣಿನ ಪರವಾದ ಕಲ್ಪನೆಯಾ?

ಕೊನೆಗೆ ಉಳಿಯುವ ಹುಡುಗಿ. ಈ ಹೆಸರು ಕೊಟ್ಟವರು ಅಮೆರಿಕದ ಪ್ರಾಧ್ಯಾಪಕಿ ಕ್ಯಾರಲ್ ಕ್ಲೋವರ್. 1987ರ ಒಂದು ಪ್ರಬಂಧದಲ್ಲಿ ಅವರು ಹೇಳಿದ್ದು ಆಗಿನ ಬೈಗುಳಕ್ಕೆ ಪೂರ್ತಿ ಉಲ್ಟಾ. ಸಿನಿಮಾ ಕೊಲೆಗಾರನ ಕಣ್ಣಿನಿಂದ ಶುರುವಾಗಬಹುದು, ಆದರೆ ಮುಗಿಯುವ ಹೊತ್ತಿಗೆ ಥಿಯೇಟರ್ ತುಂಬಾ ಕೂತ ಗಂಡು ಹುಡುಗರು ಆ ಹುಡುಗಿಯ ಜಾಗದಲ್ಲಿ ನಿಂತು ಹೆದರುತ್ತಾರೆ, ಅವಳ ಕೈಗೆ ಚಾಕು ಬಂದಾಗ ಕೂಗುತ್ತಾರೆ ಎಂದರು.

ಅಭಿಮಾನಿಗಳ ಮನಸ್ಸು ಬದಲಾದದ್ದರ ತಿರುಳು ನನಗೆ ಇಲ್ಲೇ ಕಾಣುತ್ತದೆ. ಸಿನಿಮಾ ಅದೇ. ನಾವು ನಿಂತು ನೋಡುವ ಜಾಗ ಬೇರೆ ಆಯಿತು. ಹದಿನೇಳರ ಹುಡುಗ "ಈ ಸಲ ಹೇಗೆ ಕೊಲ್ತಾನೆ" ಎಂದು ಕಾಯುತ್ತಿದ್ದ. ಅವನೇ ಮೂವತ್ತೈದರಲ್ಲಿ "ಆ ಹುಡುಗಿ ಬಾಗಿಲು ಹಾಕಿಕೊಂಡಳಾ" ಎಂದು ನೋಡುತ್ತಾನೆ. ಮಗಳು ಹುಟ್ಟಿದ ಮೇಲಂತೂ ಇನ್ನೂ ಜಾಸ್ತಿ.

ಹೆಣ್ಣಿನ ಪರವಾ ಎಂದರೆ, ಅರ್ಧ. ಒಬ್ಬಳನ್ನು ಉಳಿಸಲು ನಾಲ್ವರು ಹುಡುಗಿಯರನ್ನು ಕೊಂದಿರುತ್ತಾರೆ, ಅದೂ ನಿಧಾನವಾಗಿ, ಕ್ಯಾಮೆರಾ ಹತ್ತಿರ ಇಟ್ಟು. ಹುಡುಗರು ಬೇಗ ಸಾಯುತ್ತಾರೆ. ನಮ್ಮ ಗುಂಪಿನ ಹೆಣ್ಣುಮಕ್ಕಳು ಇದನ್ನು ಎಷ್ಟೋ ಮೊದಲೇ ಹೇಳಿದ್ದರು. ರಾತ್ರಿ ಪಾಳಿ ಮುಗಿಸಿ ಕ್ಯಾಬ್‌ನಲ್ಲಿ ಮನೆಗೆ ಬರುವವರಿಗೆ ಹಿಂದೆ ಯಾರೋ ಬರುತ್ತಿದ್ದಾರೆ ಎಂಬುದು ಸಿನಿಮಾದ ಸಂಗತಿ ಅಲ್ಲ. ಅದೇ ಕಾರಣಕ್ಕೆ ಕೆಲವರು ಸ್ಲ್ಯಾಶರ್ ನೋಡುವುದೇ ಇಲ್ಲ. ಇನ್ನು ಕೆಲವರು ಅದೇ ಕಾರಣಕ್ಕೆ ಇಷ್ಟಪಟ್ಟು ನೋಡುತ್ತಾರೆ: ಇಲ್ಲಾದರೂ ಅವಳು ತಿರುಗಿಸಿ ಹೊಡೆಯುತ್ತಾಳೆ.

ಸೆಕ್ಸ್ ಮಾಡಿದವರು ಸಾಯ್ತಾರೆ, ಮಾಡದವಳು ಉಳೀತಾಳೆ. ಇದು ನಿಜವಾದ ನಿಯಮಾನಾ?

ಹೇಳುವಷ್ಟು ಕಟ್ಟುನಿಟ್ಟಲ್ಲ. 'ಬ್ಲ್ಯಾಕ್ ಕ್ರಿಸ್ಮಸ್'ನ ನಾಯಕಿ ಗರ್ಭಿಣಿ, ಮಗು ಬೇಡ ಎಂದು ತೀರ್ಮಾನ ಮಾಡಿದವಳು. 'ಸ್ಕ್ರೀಮ್'ನ ನಾಯಕಿ ಸಿಡ್ನಿ ನಿಯಮ ಮುರಿದೂ ಉಳಿಯುತ್ತಾಳೆ. ತಮ್ಮ ಸಿನಿಮಾ ನೀತಿಪಾಠ ಅಲ್ಲ ಎಂದು ಕಾರ್ಪೆಂಟರ್ ಕೂಡ ಹೇಳುತ್ತಲೇ ಬಂದಿದ್ದಾರೆ. ಆದರೆ ನಕಲು ಮಾಡಿದವರಿಗೆ ಅದು ಸುಲಭದ ಸೂತ್ರವಾಗಿ ಸಿಕ್ಕಿತು.

ಕನ್ನಡದಲ್ಲಿ ಸ್ಲ್ಯಾಶರ್ ಯಾಕಿಲ್ಲ?

ನಮ್ಮ ಭಯಕ್ಕೆ ಕಾರಣ ಬೇಕು, ಅದಕ್ಕೆ. ಕನ್ನಡದ ಹಾರರ್‌ನಲ್ಲಿ ಸತ್ತವರಿಗೆ ಒಂದು ದೂರು ಇರುತ್ತದೆ. ಯಾರೋ ಮೋಸ ಮಾಡಿದ್ದಾರೆ, ಕೊಂದಿದ್ದಾರೆ, ಏನೋ ಬಾಕಿ ಉಳಿದಿದೆ. ಆ ದೂರು ಕೇಳಿದರೆ, ಬಾಕಿ ತೀರಿಸಿದರೆ ಶಾಂತಿ ಆಗುತ್ತದೆ. 1979ರ 'ನಾ ನಿನ್ನ ಬಿಡಲಾರೆ'ಯಿಂದ 2004ರ 'ಆಪ್ತಮಿತ್ರ'ದವರೆಗೆ ನೋಡಿ, ಮೈಮೇಲೆ ಬಂದದ್ದಕ್ಕೆ ಒಂದು ಕಥೆ ಇದ್ದೇ ಇದೆ. ನಾಗವಲ್ಲಿಗೆ ಹೆದರುತ್ತೇವೆ, ಜೊತೆಗೆ ಪಾಪ ಅಂತಲೂ ಅನ್ನುತ್ತೇವೆ. 'ಹ್ಯಾಲೋವೀನ್'ನ ಕೊಲೆಗಾರ ಮೈಕೆಲ್ ಮೈಯರ್ಸ್‌ಗೆ ಪಾಪ ಅನ್ನಲು ಆಗಲ್ಲ. ಅವನು ಯಾಕೆ ಕೊಲ್ಲುತ್ತಾನೆ ಎಂದು ಮೊದಲ ಸಿನಿಮಾ ಹೇಳುವುದೇ ಇಲ್ಲ. ಪೂಜೆ ಮಾಡಿಸೋಣ ಎಂದರೆ ಯಾರಿಗೆ, ಏನಂತ?

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿ ಬೀದಿಯಲ್ಲಿ ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆದಿದ್ದರಲ್ಲ, ಅದನ್ನೇ ನೆನಪಿಸಿಕೊಳ್ಳಿ. ರಾತ್ರಿ ಬಂದು ಮನೆಯವರ ಧ್ವನಿಯಲ್ಲಿ ಕರೆಯುವ ದೆವ್ವ. ಬಾಗಿಲು ತೆಗೆದರೆ ಸಾವು. ಅರ್ಧ ಸ್ಲ್ಯಾಶರ್ ಅಲ್ಲೇ ಇದೆ: ಕತ್ತಲು, ಬಾಗಿಲು, ಹೊರಗೆ ನಿಂತವರು ಯಾರು ಎಂಬ ಪ್ರಶ್ನೆ. ಆದರೆ ನಮ್ಮ ದೆವ್ವ ಓದು ಬಲ್ಲದು. ಬರೆದದ್ದನ್ನು ಓದಿ, ಮಾತಿಗೆ ಗೌರವ ಕೊಟ್ಟು ವಾಪಸ್ ಹೋಗುತ್ತದೆ. ಜೇಸನ್ ಆಗಿದ್ದರೆ ಬಾಗಿಲನ್ನೇ ಮುರಿಯುತ್ತಿದ್ದ.

ಹಾಗಾದ್ರೆ ಒಂದೂ ಇಲ್ವಾ?

ನನ್ನ ಪ್ರಕಾರ ಬೆಂಗಳೂರಿನ ಅತ್ಯಂತ ಅಪ್ಪಟ ಸ್ಲ್ಯಾಶರ್ 2016ರ 'ಯೂ ಟರ್ನ್'. ಹೀಗೆ ಅಂದಾಗೆಲ್ಲ ಗುಂಪಿನಲ್ಲಿ ಗಲಾಟೆ ಆಗುತ್ತದೆ. ಅದರಲ್ಲಿ ದೆವ್ವ ಇದೆ, ಮುಖವಾಡ ಇಲ್ಲ, ಚಾಕು ಇಲ್ಲ, ಒಪ್ಪುತ್ತೇನೆ. ಆದರೆ ಹಂದರ ನೋಡಿ. ಒಂದು ನಿಯಮ ಇದೆ. ಅದನ್ನು ಮುರಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಒಬ್ಬ ಹುಡುಗಿ ಅದರ ಬೆನ್ನು ಹತ್ತುತ್ತಾಳೆ. ಅಮೆರಿಕದ ಸ್ಲ್ಯಾಶರ್‌ನಲ್ಲಿ ತಪ್ಪು ಅಂದ್ರೆ ಕುಡಿತ, ಸೆಕ್ಸ್, ಕದ್ದು ಸೇದಿದ ಗಾಂಜಾ. 'ಯೂ ಟರ್ನ್' ನಿರ್ದೇಶಕ ಪವನ್ ಕುಮಾರ್ ಕಂಡುಕೊಂಡ ತಪ್ಪು ಏನು ಗೊತ್ತಾ? ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಬೈಕ್ ತಿರುಗಿಸುವುದು. ಈ ಊರಿನಲ್ಲಿ ಆ ತಪ್ಪು ಮಾಡದವರು ಎಷ್ಟು ಜನ ಸಿಗುತ್ತಾರೆ! ಸಿನಿಮಾ ನೋಡಿ ಹೊರಗೆ ಬಂದು ಗಾಡಿ ಸ್ಟಾರ್ಟ್ ಮಾಡುವಾಗ ಎಲ್ಲರೂ ಸ್ವಲ್ಪ ತಣ್ಣಗಾಗಿದ್ದರು. ಸ್ಲ್ಯಾಶರ್ ಒಂದು ಊರಿಗೆ ಬಂದು ನೆಲೆಸುವುದು ಹೀಗೆ. ಮುಖವಾಡ ಆಮದು ಮಾಡಿಕೊಂಡರೆ ಸಾಲದು, ಆ ಊರಿನ ಪಾಪ ಏನು ಎಂದು ಗೊತ್ತಿರಬೇಕು.

'ದಂಡುಪಾಳ್ಯ' ಸ್ಲ್ಯಾಶರ್ ಅಲ್ವಾ?

ಅಲ್ಲ. ಆದರೆ ನಮ್ಮವರು ಸ್ಲ್ಯಾಶರ್‌ಗೆ ಹೆದರುವಂತೆ ಹೆದರಿದ ಸಿನಿಮಾ ಅದು. 2012ರಲ್ಲಿ ಬಂತು, ಬೆಂಗಳೂರಿನ ಸುತ್ತ ಮನೆಗಳಿಗೆ ನುಗ್ಗಿ ಕೊಂದ ನಿಜವಾದ ತಂಡದ ಕಥೆ ಇಟ್ಟುಕೊಂಡು ಮಾಡಿದ್ದು. ನೀರು ಕೇಳುವ ನೆಪದಲ್ಲಿ ಬಾಗಿಲು ತಟ್ಟುವ ದೃಶ್ಯ ನೋಡಿ ಎಷ್ಟೋ ಮನೆಗಳಲ್ಲಿ ಸೇಫ್ಟಿ ಚೈನ್ ಬಗ್ಗೆ ಮಾತು ಬಂತು. ನಿಜವಾಗಿ ಸತ್ತವರು, ಅವರ ಮನೆಯವರು ಇರುವ ಕಥೆ. ಅದನ್ನು ಶಿಳ್ಳೆ ಹೊಡೆದು ನೋಡಲು ನನ್ನಿಂದ ಆಗಲ್ಲ. ಕಟ್ಟುಕಥೆಯ ಕೊಲೆಗಾರನಿಗೂ ಪೊಲೀಸ್ ಫೈಲ್‌ನಲ್ಲಿ ಇರುವವನಿಗೂ ನಡುವೆ ನಾನು ಗೆರೆ ಎಳೆಯುತ್ತೇನೆ. ಟ್ರೂ ಕ್ರೈಮ್ ಹುಚ್ಚು ಹೆಚ್ಚಾಗಿರುವ ಈ ದಿನಗಳಲ್ಲಿ ಆ ಗೆರೆ ಎಲ್ಲರಿಗೂ ಕಾಣುವುದಿಲ್ಲ. ಒಂದು ಮಾತು ಮಾತ್ರ ನಿಜ. 'ಸೈಕೋ', 'ಟೆಕ್ಸಾಸ್' ಎರಡರ ಹಿಂದೆಯೂ ಎಡ್ ಗೀನ್ ಎಂಬ ನಿಜ ಕೊಲೆಗಾರನ ನೆರಳಿದೆ, ಹಾಗಾಗಿ ನನ್ನ ಗೆರೆಯೂ ಅಷ್ಟೇನೂ ನೇರ ಇಲ್ಲ.

ಬೆಂಗಳೂರಿನಲ್ಲಿ ಚಿತ್ರೀಕರಿಸಿದ ಹಳೆಯ ಸೈಕೋ ಸಿನಿಮಾ ಒಂದು ಇದೆಯಂತೆ?

ತಮಿಳಿನ 'ಮೂಡು ಪನಿ', 1980. ಬಾಲು ಮಹೇಂದ್ರ ನಿರ್ದೇಶನ, ಬೆಂಗಳೂರು ಮತ್ತು ಊಟಿಯಲ್ಲಿ ಚಿತ್ರೀಕರಣ. ಅವರು ನಿರ್ದೇಶಿಸಿದ ಮೊದಲ ಸಿನಿಮಾ ಕನ್ನಡದ್ದು, 1977ರ 'ಕೋಕಿಲ'. 'ಮೂಡು ಪನಿ'ಯ ಮೇಲೆ 'ಸೈಕೋ' ನೆರಳು ಇದೆ. ಮಂಜು, ಖಾಲಿ ರಸ್ತೆ, ಇಳಯರಾಜ ಸಂಗೀತ. ಕೊಲೆಗಿಂತ ಊರು ನೋಡಲು ನಾನು ಅದನ್ನು ಮತ್ತೆ ಹಾಕುತ್ತೇನೆ.

2000ದ ನಂತರ ಎಷ್ಟೋ ಅಭಿಮಾನಿಗಳು ದೂರ ಹೋದರಲ್ಲ, ಏನಾಯ್ತು?

2004ರ 'ಸಾ', 2005ರ 'ಹಾಸ್ಟೆಲ್' ಬಂದ ಮೇಲೆ ಓಟ ನಿಂತುಹೋಯಿತು. ಹಳೆಯ ಸ್ಲ್ಯಾಶರ್‌ನಲ್ಲಿ ಅಟ್ಟಾಡಿಸುತ್ತಾರೆ, ತಪ್ಪಿಸಿಕೊಳ್ಳುವ ಆಸೆ ಇರುತ್ತದೆ. ಇಲ್ಲಿ ಕಟ್ಟಿಹಾಕಿ ಹಿಂಸೆ ಕೊಡುತ್ತಾರೆ. 'ಸಾ' ಮೊದಲ ಭಾಗ ಜಾಣ ಸಿನಿಮಾ, ಅದರ ಬಗ್ಗೆ ತಕರಾರಿಲ್ಲ. ಆದರೆ ಹಿಂದೆ ಬಂದವುಗಳಲ್ಲಿ ಭಯ ಕಡಿಮೆ, ಹೇಸಿಗೆ ಜಾಸ್ತಿ. ಇನ್ನೊಂದು ಕಡೆ ರೀಮೇಕ್ ಹಾವಳಿ: 'ಟೆಕ್ಸಾಸ್' 2003ರಲ್ಲಿ, 'ಹ್ಯಾಲೋವೀನ್' 2007ರಲ್ಲಿ, 'ಫ್ರೈಡೇ' 2009ರಲ್ಲಿ, ಫ್ರೆಡ್ಡಿ 2010ರಲ್ಲಿ. 2007ರದ್ದು ಮೈಕೆಲ್‌ಗೆ ಕೆಟ್ಟ ಬಾಲ್ಯ ಕೊಟ್ಟು ಅವನು ಯಾಕೆ ಹಾಗಾದ ಎಂದು ವಿವರಿಸಿತು. ವಿವರಿಸಿದ ಮೇಲೆ ಭಯ ಎಲ್ಲಿ?

ಆಮೇಲೆ ಬಂದ 'ಎಲಿವೇಟೆಡ್ ಹಾರರ್' ಸ್ಲ್ಯಾಶರ್ ಅನ್ನು ಮುಗಿಸಿಬಿಡ್ತಾ?

ಕೆಲವು ವರ್ಷ ಹಾಗೆ ಕಂಡಿತು. 'ದ ವಿಚ್', 'ಗೆಟ್ ಔಟ್', 'ಹೆರಿಡಿಟರಿ' ಬಂದಾಗ ಹಾರರ್ ನೋಡುತ್ತೇನೆ ಎಂದು ಆಫೀಸಿನಲ್ಲಿ ಧೈರ್ಯವಾಗಿ ಹೇಳುವಂತಾಯಿತು. ಒಳ್ಳೆಯ ಸಿನಿಮಾಗಳು, ಅನುಮಾನ ಇಲ್ಲ. ಆದರೆ ಪ್ರತಿ ದೆವ್ವವೂ ದುಃಖದ ರೂಪಕ, ಪ್ರತಿ ನೆರಳೂ ಕುಟುಂಬದ ಗಾಯ ಆದಾಗ ಒಂದು ಸುಸ್ತು ಬಂತು. ಸುಮ್ನೆ ಒಬ್ಬ ಮುಖವಾಡ ಹಾಕಿಕೊಂಡು ಓಡಿಸಿಕೊಂಡು ಬರಲಿ, ನಾವು ಕಿರುಚುತ್ತೇವೆ ಎಂಬ ಆಸೆ ಹುಟ್ಟಿತು. ಮೂಗು ಮುರಿದವರೇ ವಾಪಸ್ ಬಂದರು.

ಹಾಗಾದ್ರೆ ಈಗ ಸ್ಲ್ಯಾಶರ್ ಪ್ರೀತಿ ನಿಜವಾಗಲೂ ವಾಪಸ್ ಬಂದಿದೆಯಾ?

ಬಂದಿದೆ, ಬೇರೆ ಬೇರೆ ದಾರಿಯಲ್ಲಿ. ಮೊದಲ ಸಿನಿಮಾ ಬಂದು 40 ವರ್ಷದ ನಂತರ, 2018ರ 'ಹ್ಯಾಲೋವೀನ್'ನಲ್ಲಿ, ಅದರ ನಾಯಕಿ ಜೇಮಿ ಲೀ ಕರ್ಟಿಸ್ ಅಜ್ಜಿಯಾಗಿ ಕಾಣಿಸಿಕೊಂಡರು. 'ಸೈಕೋ'ದ ಶವರ್‌ನಲ್ಲಿ ಸಾಯುವ ಪಾತ್ರ ಮಾಡಿದ ನಟಿ ಜಾನೆಟ್ ಲೀ ಇವರ ತಾಯಿ. ಅಮ್ಮನಿಂದ ಮಗಳಿಗೆ ಬಂದ ವೃತ್ತಿ ಅಂದ್ರೆ ಇದು. 2022ರ 'ಎಕ್ಸ್'ನಲ್ಲಿ ಮಿಯಾ ಗಾತ್ ಒಬ್ಬರೇ ಉಳಿಯುವ ಹುಡುಗಿಯೂ ಹೌದು, ಕೊಲ್ಲುವ ಮುದುಕಿಯೂ ಹೌದು. ವಯಸ್ಸಾಗುವ ಭಯವನ್ನು ಚಾಕುವಿಗೆ ಕಟ್ಟಿದ ಸಿನಿಮಾ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 2024ರ 'ಇನ್ ಎ ವಯಲೆಂಟ್ ನೇಚರ್'. ಕ್ಯಾಮೆರಾ ಹೆಚ್ಚು ಹೊತ್ತು ಕೊಲೆಗಾರನ ಬೆನ್ನ ಹಿಂದೆಯೇ ನಡೆಯುತ್ತದೆ. ಕಾಡು, ಒಣಗಿದ ಎಲೆ, ಹೆಜ್ಜೆ ಸದ್ದು. ಎದೆ ಬಡಿತ ಏರಿಸುವ ಸಂಗೀತ ಇಲ್ಲ. ಸಿಸ್ಕೆಲ್ ಮತ್ತು ಈಬರ್ಟ್ ಯಾವ ಜಾಗದಲ್ಲಿ ನಮ್ಮನ್ನು ನಿಲ್ಲಿಸುತ್ತಾರೆ ಎಂದು ಬೈದಿದ್ದರೋ ಅಲ್ಲೇ ನಿಲ್ಲಿಸುತ್ತಾರೆ. ಮಜಾ ಮಾತ್ರ ಬರುವುದಿಲ್ಲ. ಕೊಲ್ಲುವುದು ಎಷ್ಟು ಬೇಜಾರಿನ, ಎಷ್ಟು ಒಂಟಿ ಕೆಲಸ ಎಂದು ಅನ್ನಿಸಿಬಿಡುತ್ತದೆ. ನಮ್ಮ ಗುಂಪಿನಲ್ಲಿ ಅರ್ಧ ಜನ ನಿದ್ದೆ ಹೋದರು, ಉಳಿದವರು ವಾರಗಟ್ಟಲೆ ಅದರ ಬಗ್ಗೆಯೇ ಮಾತಾಡಿದರು.

'ಟೆರಿಫೈಯರ್' ನೋಡಿ ನಗೋರಿದ್ದಾರೆ. ಅವರ ಮನಸ್ಸು ಕಲ್ಲಾಗಿದೆಯಾ?

ಇಲ್ಲ, ಬಹುತೇಕ. ಈ ಸರಣಿ ಮಾಡುವ ಡೇಮಿಯನ್ ಲಿಯೋನ್ ಮೂಲತಃ ಮೇಕಪ್ ಎಫೆಕ್ಟ್ಸ್ ಮನುಷ್ಯ. ರಬ್ಬರ್, ಬಣ್ಣ, ಪಂಪಿನಲ್ಲಿ ಹಾರುವ ರಕ್ತ, ಎಲ್ಲ ಕೈಕೆಲಸ. ಕಂಪ್ಯೂಟರ್ ರಕ್ತ ನೋಡಿ ಬೇಸತ್ತವರಿಗೆ ಇದು ಜಾದೂ ಪ್ರದರ್ಶನ ಇದ್ದಂತೆ. ಹೇಗೆ ಮಾಡಿದರು ಎಂಬ ಬೆರಗಿಗೇ ನಗು ಬರುತ್ತದೆ. 2022ರ ಎರಡನೇ ಭಾಗ ಸುಮಾರು 2.5 ಲಕ್ಷ ಡಾಲರ್‌ನಲ್ಲಿ ಮಾಡಿದ್ದು, ಅದರ ಹಲವು ಪಟ್ಟು ಗಳಿಸಿತು. ದೊಡ್ಡ ಸ್ಟುಡಿಯೊ ಇಲ್ಲದೆ ಗೆದ್ದವರ ಮೇಲೆ ಅಭಿಮಾನಿಗಳಿಗೆ ಒಂದು ಮೆಚ್ಚುಗೆ ಇದ್ದೇ ಇರುತ್ತದೆ.

ಹಾಗಂತ ನನಗೆ ಇಷ್ಟ ಇಲ್ಲ. ಮೊದಲ ಭಾಗದಲ್ಲಿ ಒಬ್ಬ ಹುಡುಗಿಯನ್ನು ತಲೆಕೆಳಗಾಗಿ ಕಟ್ಟಿ ಕೊಲ್ಲುವ ದೃಶ್ಯದಲ್ಲಿ ಕೈಚಳಕ ಇದೆ, ಅವಳು ಯಾರು ಎಂಬ ಯೋಚನೆ ಇಲ್ಲ. ಇದಕ್ಕೆ ಮುಖ ತಿರುಗಿಸಿದರೆ ನೀವು ಕಡಿಮೆ ಅಭಿಮಾನಿ ಆಗುವುದಿಲ್ಲ. ಎಷ್ಟು ರಕ್ತ ತಡೆದುಕೊಳ್ಳುತ್ತೀಯ ಎಂದು ಪರೀಕ್ಷೆ ಇಡುವವರನ್ನು ಗುಂಪಿಗೆ ಕರೆಯಬೇಡಿ.

ಚಿಕ್ಕಂದಿನಲ್ಲಿ ಇಷ್ಟಪಟ್ಟದ್ದನ್ನು ಈಗ ನೋಡಿದರೆ ಮುಜುಗರ ಆಗುತ್ತೆ. ಏನು ಮಾಡಲಿ?

ಮುಜುಗರ ಪಡಿ, ತಪ್ಪೇನಿಲ್ಲ. ನನ್ನನ್ನು ಹೆಚ್ಚು ಚುಚ್ಚುವುದು ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡ ಕೊಲೆಗಾರ ಎಂಬ ಹಳೇ ಸೂತ್ರ. 'ಹ್ಯಾಲೋವೀನ್' ಕೂಡ ಇದರಿಂದ ಹೊರತಲ್ಲ. ಮಾನಸಿಕ ಕಾಯಿಲೆ ಅಂದ್ರೆ ಅಪಾಯ ಎಂದು ಈ ಸಿನಿಮಾಗಳು ದಶಕಗಟ್ಟಲೆ ಹೇಳಿಕೊಟ್ಟವು. ನಾವೇನು ಕಡಿಮೆ? ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ಊರಿನಲ್ಲಿ ಆ ಹೆಸರನ್ನು ಬೈಗುಳದ ಹಾಗೆ ಬಳಸಿ, ಹಾಸ್ಯ ದೃಶ್ಯಗಳಲ್ಲಿ ನಕ್ಕಿದ್ದೇವೆ. ಈಗ ಗೆಳೆಯರು ಥೆರಪಿಗೆ ಹೋಗುತ್ತೇನೆ ಎಂದು ಸಹಜವಾಗಿ ಹೇಳುವ ಕಾಲ. ಆ ದೃಶ್ಯ ಬಂದಾಗ ಕೋಣೆಯಲ್ಲಿ ನಗು ಕಡಿಮೆ ಆಗಿದೆ. ಸಿನಿಮಾ ಎಸೆಯಬೇಕಿಲ್ಲ. ಆ ಜಾಗದಲ್ಲಿ ಒಂದು ಮಾತು ಆಡಿ, ಮುಂದಕ್ಕೆ ನೋಡಿ.

ಇಲ್ಲಿ ಥಿಯೇಟರ್‌ಗೆ ಬರುವ ಸ್ಲ್ಯಾಶರ್ ಕಟ್ ಆಗಿರುತ್ತಾ?

ಆಗಿರಬಹುದು. ಥಿಯೇಟರ್ ಸಿನಿಮಾಕ್ಕೆ 1952ರ ಸಿನಿಮಾಟೊಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಮಂಡಳಿಯ ಸರ್ಟಿಫಿಕೇಟ್ ಬೇಕು. ಎ ಕೊಟ್ಟರೂ ಕೆಲವು ದೃಶ್ಯ ಕತ್ತರಿಸಲು ಹೇಳಬಹುದು. 2023ರ ತಿದ್ದುಪಡಿಯಿಂದ ಯುಎ ದರ್ಜೆ 7, 13, 16 ವರ್ಷ ಎಂದು ಮೂರಾಗಿದೆ. ಓಟಿಟಿಗೆ ಈ ಮಂಡಳಿಯ ಸರ್ಟಿಫಿಕೇಟ್ ಬೇಕಿಲ್ಲ, 2021ರ ಐಟಿ ನಿಯಮಗಳ ಪ್ರಕಾರ ಅವರೇ ವಯಸ್ಸಿನ ಗುರುತು ಹಾಕುತ್ತಾರೆ. ಹೀಗಾಗಿ ಥಿಯೇಟರ್‌ನಲ್ಲಿ ಜನ, ಓಟಿಟಿಯಲ್ಲಿ ಪೂರ್ತಿ ಸಿನಿಮಾ. ಎರಡೂ ಒಟ್ಟಿಗೆ ಸಿಗುವುದು ಕಷ್ಟ.

ಮಕ್ಕಳಿಗೆ ತೋರಿಸಬಹುದಾ?

ಬೇಡ.

ನನಗೆ ಭಯವೇ ಆಗಲ್ಲ, ಬರೀ ಬೋರ್. ಏನು ತಪ್ಪು?

ಫೋನ್ ಕೈಯಲ್ಲಿರುತ್ತೆ, ಅದೇ ತಪ್ಪು. 'ಹ್ಯಾಲೋವೀನ್'ನಲ್ಲಿ ಮೈಕೆಲ್ ಎಷ್ಟೋ ಸಲ ಫ್ರೇಮಿನ ಮೂಲೆಯಲ್ಲಿ, ಬೇಲಿಯ ಪಕ್ಕ, ಒಣಹಾಕಿದ ಬಟ್ಟೆಗಳ ನಡುವೆ ಸುಮ್ಮನೆ ನಿಂತಿರುತ್ತಾನೆ. ಸಂದೇಶ ಓದುತ್ತಿದ್ದರೆ ಅವನು ಕಾಣುವುದೇ ಇಲ್ಲ.

ಎಲ್ಲಿಂದ ಶುರು ಮಾಡಲಿ?

ನಾವು ನೋಡಿದ ಹಾಗೆ ತಲೆಕೆಳಗಾಗಿಯೇ ನೋಡಿ ಎಂಬುದು ನನ್ನ ಸಲಹೆ. ಮೊದಲು 'ಸ್ಕ್ರೀಮ್', ನಗುತ್ತಾ. ಆಮೇಲೆ 'ಹ್ಯಾಲೋವೀನ್'. ಅದಾದ ಮೇಲೆ 1984ರ 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್'. ನಿದ್ದೆಯಲ್ಲೇ ಸತ್ತ ನಿರಾಶ್ರಿತರ ಬಗ್ಗೆ ಪತ್ರಿಕೆಯಲ್ಲಿ ಓದಿ ನಿರ್ದೇಶಕ ವೆಸ್ ಕ್ರೇವನ್ ಹೊಳೆಸಿಕೊಂಡ ಕಥೆ ಅದು. ನಂತರ 'ಟೆಕ್ಸಾಸ್'. ಹೆಸರು ಕೇಳಿ ರಕ್ತದ ಹೊಳೆ ಎಂದುಕೊಳ್ಳುತ್ತೀರಿ, ಪರದೆಯ ಮೇಲೆ ರಕ್ತ ಬಹಳ ಕಡಿಮೆ. ಆ ಬಿಸಿಲು, ಆ ಸದ್ದು, ಆ ಊಟದ ಮೇಜು ಸಾಕು. ನಡುವೆ ಒಂದು ರಾತ್ರಿ 'ಯೂ ಟರ್ನ್' ಹಾಕಿ, ನನ್ನ ವಾದ ಸರಿಯಾ ಎಂದು ನೀವೇ ನೋಡಿ. 'ಫ್ರೈಡೇ' ಸರಣಿ ಪೂರ್ತಿ ನೋಡಲೇಬೇಕೆಂದಿಲ್ಲ. ನೋಡಿದವರು ಹೇಗಿದ್ದೇವೆ ಅಂತ ಕಾಣ್ತಿದೆಯಲ್ಲ.

ಪಿಜಿ ರೂಮಿನಲ್ಲಿ ಒಬ್ಬಳೇ ಲ್ಯಾಪ್‌ಟಾಪ್‌ನಲ್ಲಿ ನೋಡಬಹುದಾ?

ಧಾರಾಳವಾಗಿ. ಒಳ್ಳೆಯ ಹೆಡ್‌ಫೋನ್ ಹಾಕಿ, ಈ ಸಿನಿಮಾಗಳ ಅರ್ಧ ಭಯ ಸದ್ದಿನಲ್ಲೇ ಇದೆ. 'ಬ್ಲ್ಯಾಕ್ ಕ್ರಿಸ್ಮಸ್' ಒಂದನ್ನು ಮಾತ್ರ ರೂಮ್‌ಮೇಟ್ ಇರುವ ದಿನ ನೋಡಿ. ಹಬ್ಬದ ರಜೆಗೆ ಎಲ್ಲರೂ ಊರಿಗೆ ಹೊರಟ ಹುಡುಗಿಯರ ಹಾಸ್ಟೆಲ್, ಅಟ್ಟದ ಮೇಲೆ ಒಬ್ಬ ಅಡಗಿದ್ದಾನೆ, ಫೋನ್ ರಿಂಗ್ ಆಗುತ್ತಲೇ ಇರುತ್ತದೆ. ದೀಪಾವಳಿ ರಜೆಯಲ್ಲಿ ಖಾಲಿಯಾದ ಪಿಜಿಯಲ್ಲಿ ಅದನ್ನು ಒಬ್ಬರೇ ನೋಡುವ ಧೈರ್ಯ ನಮ್ಮ ಗುಂಪಿನಲ್ಲಿ ಇನ್ನೂ ಯಾರಿಗೂ ಬಂದಿಲ್ಲ. ನಿಮಗಿದ್ದರೆ ಮುಂದಿನ ಶನಿವಾರ ಬನ್ನಿ, ಪ್ರೊಜೆಕ್ಟರ್ ಹೊರುವ ಕೆಲಸ ನಿಮಗೇ ಕೊಡುತ್ತೇನೆ.